ಗಗನಚುಕ್ಕಿ, ಭರಚುಕ್ಕಿ ನಡುವಿನ ನಡುಗಡ್ಡೆ

ಶಿವನಸಮುದ್ರಕ್ಕೆ ಹೋಗಿಬಂದವರನ್ನು ಕೇಳಿ ನೋಡಿ. ಗಗನಚುಕ್ಕಿ ನೋಡಿದೆವು, ಭರಚುಕ್ಕಿ ನೋಡಿದೆವು, ಮೀನು ತಿಂದೆವು, ಬಂದೆವು ಅನ್ನುತ್ತಾರೆ. ನಡುಗಡ್ಡೆ ಸುತ್ತಿದೆವು ಅನ್ನುವವರು ಸಿಗುವುದೇ ಅಪರೂಪ. ತಾವು ನಿಂತಿದ್ದು ನಡುಗಡ್ಡೆಯ ಮೇಲೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ತಲಕಾಡು ದಾಟಿ ಬಂದ ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ಒಂದು ಊರನ್ನೂ ಅದರ ಗುಡಿಗಳನ್ನೂ ಕಾಡನ್ನೂ ನಡುವೆ ಇಟ್ಟುಕೊಂಡು ಉತ್ತರಕ್ಕೆ ಹರಿಯುತ್ತದೆ. ನಡುಗಡ್ಡೆಯ ದಕ್ಷಿಣದ ಭಾಗ ಹೆಚ್ಚುಕಡಿಮೆ ಸಪಾಟು. ಉತ್ತರಕ್ಕೆ ಹೋದಂತೆ ನೆಲ ಒರಟಾಗುತ್ತದೆ, ಬಂಡೆಗಳು ಮೇಲೇಳುತ್ತವೆ, ಕೊನೆಗೆ ಕಮರಿ ಬಾಯ್ತೆರೆಯುತ್ತದೆ. ಪಡುವಣ ಕವಲು ಗಗನಚುಕ್ಕಿಯಾಗಿ, ಮೂಡಣ ಕವಲು ಭರಚುಕ್ಕಿಯಾಗಿ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತವೆ.

ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಇದು ಮನೆಯಂಗಳದ ಜಾಗ. ಹತ್ತಿರ ಇದ್ದುದಕ್ಕೋ ಏನೋ, ನೆಂಟರು ಬಂದಾಗ ಎರಡು ಗಂಟೆಯಲ್ಲಿ ತೋರಿಸಿ ಕರೆದುಕೊಂಡು ಬರುವ ರೂಢಿ ಬಿದ್ದುಹೋಗಿದೆ. ಒಂದು ಪೂರ್ತಿ ದಿನ ಇಟ್ಟುಕೊಳ್ಳಿ ಎಂಬುದು ನನ್ನ ಮೊದಲ ಮಾತು. ಜಲಪಾತ ಎರಡಕ್ಕೂ ಸೇರಿ ಅರ್ಧ ದಿನ ಸಾಕು. ಉಳಿದರ್ಧ ನಡುಗಡ್ಡೆಗೇ ಮೀಸಲಾಗಿರಲಿ.

ಕ್ಯಾಲೆಂಡರ್ ಅಲ್ಲ, ಹೊರಹರಿವು ನೋಡಿ

ಜುಲೈನಿಂದ ಅಕ್ಟೋಬರ್ ಒಳ್ಳೆಯ ಕಾಲ ಎಂದು ಎಲ್ಲರೂ ಬರೆಯುತ್ತಾರೆ. ಅದು ಅರ್ಧ ಸತ್ಯ. ಈ ಜಲಪಾತಗಳು ಮಳವಳ್ಳಿಯಲ್ಲಿ ಸುರಿದ ಮಳೆಗೆ ತುಂಬುವುದಿಲ್ಲ. ಕೊಡಗಿನಲ್ಲಿ ಮಳೆಯಾಗಿ ಕೆಆರ್‌ಎಸ್ ತುಂಬಬೇಕು, ಇಲ್ಲವೇ ವಯನಾಡಿನಲ್ಲಿ ಮಳೆಯಾಗಿ ಕಬಿನಿ ತುಂಬಬೇಕು. ಕಬಿನಿ ಹೊಳೆ ಟಿ.ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಕಬಿನಿ ಜಲಾಶಯ ಚಿಕ್ಕದು, ಸಾಮಾನ್ಯವಾಗಿ ಕೆಆರ್‌ಎಸ್‌ಗಿಂತ ಮೊದಲೇ ತುಂಬುತ್ತದೆ. ಹಾಗಾಗಿ ಕೆಆರ್‌ಎಸ್ ಇನ್ನೂ ನೂರು ಅಡಿಯ ಆಸುಪಾಸಿನಲ್ಲಿ ಇರುವಾಗಲೇ ಶಿವನಸಮುದ್ರದಲ್ಲಿ ಕಬಿನಿಯ ನೀರು ಭೋರ್ಗರೆಯುತ್ತಿರಬಹುದು.

ಮಂಡ್ಯ ಜಿಲ್ಲೆಯ ಮನೆಗಳಲ್ಲಿ ಬೆಳಿಗ್ಗೆ ಪತ್ರಿಕೆ ತೆರೆದರೆ ಮೊದಲು ಕಣ್ಣು ಹೋಗುವುದು ಕೆಆರ್‌ಎಸ್ ಜಲಾಶಯದ ಮಟ್ಟದ ಮೇಲೆ. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬೇಸಾಯಕ್ಕೆಂದು ನೋಡುವ ಆ ಚೌಕವೇ ಈ ಪ್ರವಾಸಕ್ಕೂ ಪಂಚಾಂಗ. ಒಂದು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ. ಹೊರಹರಿವಿನ ಲೆಕ್ಕದಲ್ಲಿ ನಾಲೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ಹೋದ ನೀರು ಗದ್ದೆಗೆ ಹೋಯಿತು, ಜಲಪಾತಕ್ಕೆ ಬರಲಿಲ್ಲ. ನದಿಗೆ ಎಷ್ಟು ಬಿಟ್ಟರು ಎಂಬುದು ಮುಖ್ಯ. ಕಬಿನಿಯದನ್ನೂ ಅದಕ್ಕೆ ಕೂಡಿಸಿಕೊಳ್ಳಿ. ನನ್ನ ಅಂದಾಜಿನಲ್ಲಿ ಎರಡೂ ಸೇರಿ ಹತ್ತು ಸಾವಿರ ಕ್ಯುಸೆಕ್ ದಾಟಿದರೆ ಹೋಗಲು ಅಡ್ಡಿಯಿಲ್ಲ, ಇಪ್ಪತ್ತು ಸಾವಿರದ ಸುತ್ತಮುತ್ತ ಇದ್ದರೆ ಕಣ್ತುಂಬ ಸಿಗುತ್ತದೆ. ಐವತ್ತು ಸಾವಿರ ಮೀರಿದರೆ ನೋಟವೇನೋ ಅದ್ಭುತ, ಆದರೆ ನಡುಗಡ್ಡೆಯಲ್ಲಿ ಅಡ್ಡಾಡುವ ಆಸೆ ಬಿಡಬೇಕು. ಮೆಟ್ಟಿಲು, ತೆಪ್ಪ, ಸೇತುವೆ ಎಲ್ಲಕ್ಕೂ ನಿರ್ಬಂಧ ಬೀಳುವ ಹೊತ್ತು ಅದು. ಅಣೆಕಟ್ಟೆಯಲ್ಲಿ ಬಿಟ್ಟ ನೀರು ಆ ಕ್ಷಣವೇ ಇಲ್ಲಿಗೆ ಬರುವುದಿಲ್ಲ, ಹರಿದು ಬರಲು ಗಂಟೆಗಟ್ಟಲೆ ಹಿಡಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೇಸಿಗೆಯಲ್ಲಿ ಹೋದರೆ ಜಲಪಾತದ ಜಾಗದಲ್ಲಿ ಬರೀ ಕಲ್ಲುಬಂಡೆ ಕಂಡು ನಿರಾಸೆಯಾಗುತ್ತದೆ. ಇರುವಷ್ಟು ನೀರು ಮೇಲುಗಡೆಯೇ ಕಾಲುವೆಗೆ ತಿರುಗಿ ವಿದ್ಯುದಾಗಾರಕ್ಕೆ ಹೋಗಿರುತ್ತದೆ. ಆದರೆ ಗುಡಿ, ಸೇತುವೆ, ನಡುಗಡ್ಡೆಯ ನಡಿಗೆಗೆ ಡಿಸೆಂಬರ್, ಜನವರಿಯಷ್ಟು ಹಿತವಾದ ಕಾಲ ಬೇರೆ ಇಲ್ಲ. ಜಲಪಾತ ಈಗಾಗಲೇ ನೋಡಿದವರು ಚಳಿಗಾಲದಲ್ಲಿ ಇನ್ನೊಮ್ಮೆ ಹೋಗಿ. ಆಗ ಕಾಣುವ ಶಿವನಸಮುದ್ರವೇ ಬೇರೆ.

ಹೋಗುವ ದಾರಿ

ರೈಲು ಮಂಡ್ಯಕ್ಕೂ ಮದ್ದೂರಿಗೂ ಬರುತ್ತದೆ, ಮಳವಳ್ಳಿಗೆ ಇಲ್ಲ. ಎರಡೂ ಕಡೆಯಿಂದ ಮಳವಳ್ಳಿಗೆ ಬಸ್ಸಿಗೆ ಬರವಿಲ್ಲ. ಮದ್ದೂರಿನಿಂದ ಬರುವವರು ಭಾರತೀನಗರದ ಮೇಲೆ ಬರುತ್ತಾರೆ. ನಮ್ಮ ಕಡೆಯವರ ಬಾಯಲ್ಲಿ ಅದು ಇವತ್ತಿಗೂ ಕೆ.ಎಂ.ದೊಡ್ಡಿಯೇ. ಮಳವಳ್ಳಿಯಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿ, ಗಗನಚುಕ್ಕಿಗೆ ಹೋಗಬೇಕು ಎಂದು ಕಂಡಕ್ಟರಿಗೆ ಮೊದಲೇ ಹೇಳಿಬಿಡಿ, ಹೆದ್ದಾರಿಯ ತಿರುವಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ವೀಕ್ಷಣಾ ತಾಣಕ್ಕೆ ಆಟೊ ಇಲ್ಲವೇ ನಡಿಗೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಕೈಯಲ್ಲಿರಲಿ. ಅಕ್ಕತಂಗಿಯರು, ಅತ್ತಿಗೆ ನಾದಿನಿಯರು ಒಟ್ಟಾಗಿ ಬುತ್ತಿ ಕಟ್ಟಿಕೊಂಡು ಬರುವುದು ಈಚೆಗೆ ಹೆಚ್ಚಾಗಿದೆ, ನೋಡಲು ಸಂತೋಷ.

ಬೆಂಗಳೂರಿನಿಂದ ಸ್ವಂತ ವಾಹನದಲ್ಲಿ ಬರುವವರು ಕನಕಪುರ, ಹಲಗೂರು ಮಾರ್ಗವಾಗಿ ಬರುವ 948ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯುವುದೇ ಸಲೀಸು. ಮೈಸೂರು ಹೆದ್ದಾರಿಯಲ್ಲಿ ಬಂದು ಮದ್ದೂರಿನ ಮೇಲೆ ಹೋಗುವ ಆಲೋಚನೆ ಇದ್ದರೆ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ಮೊದಲೇ ನೋಡಿಕೊಳ್ಳಿ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಮದ್ದೂರು, ಮಂಡ್ಯ ಎರಡೂ ಪಕ್ಕಕ್ಕೆ ಸರಿದಿವೆ. ಅದರ ಮುಖ್ಯ ಪಥದಲ್ಲಿ ಬೈಕಿಗೂ ಆಟೊಗೂ ಪ್ರವೇಶವಿಲ್ಲ.

ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಒಂದು ಎಚ್ಚರಿಕೆ. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್‌ಗಳ ಹಿಂದೆ ದೀಪ ಇರುವುದೇ ಕಡಿಮೆ. ಟ್ರೇಲರಿನಿಂದ ಆಚೆಗೆ ಚಾಚಿದ ಕಬ್ಬಿನ ಜಲ್ಲೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರವಿ ಒಕ್ಕಣೆ ಮಾಡಿರುತ್ತಾರೆ, ಬೈಕ್ ಜಾರುತ್ತದೆ.

ಪಡುವಣ ದಡದಿಂದ

ಗಗನಚುಕ್ಕಿಯನ್ನು ನೋಡಬೇಕಾದ್ದು ಮಳವಳ್ಳಿ ತಾಲ್ಲೂಕಿನ ದಡದಿಂದ, ಕಟಕಟೆ ಕಟ್ಟಿದ ವೀಕ್ಷಣಾ ತಾಣದಿಂದ. ಎದುರಿಗೆ ಕಮರಿ. ಆಚೆ ನಡುಗಡ್ಡೆಯ ಅಂಚು. ಅಲ್ಲಿಂದ ನೀರು ಒಂದೇ ಧಾರೆಯಾಗಿ ಬೀಳದೆ ಬಂಡೆಯಿಂದ ಬಂಡೆಗೆ ಹಾರಿ, ಒಡೆದು, ಹೊಗೆಯಂತೆ ಮೇಲೆದ್ದು ಬೀಳುತ್ತದೆ. ಎತ್ತರ 90 ಮೀಟರಿಗೂ ಹೆಚ್ಚು. ಮಂಡ್ಯ ಜಿಲ್ಲಾಡಳಿತ ಇಲ್ಲಿ ಮಳೆಗಾಲದ ಕೊನೆಗೆ ಗಗನಚುಕ್ಕಿ ಜಲಪಾತೋತ್ಸವ ನಡೆಸಿದ್ದಿದೆ, ರಾತ್ರಿ ಬಣ್ಣದ ದೀಪ ಹಾಕುತ್ತಾರೆ. ಗದ್ದಲ ಬೇಡ ಎನ್ನುವವರು ಆ ದಿನಗಳನ್ನು ಬಿಟ್ಟು, ವಾರದ ನಡುವೆ ಬೆಳಿಗ್ಗೆ ಎಂಟರೊಳಗೆ ಬನ್ನಿ. ತಿಂಡಿ ಪೊಟ್ಟಣ ಬಿಚ್ಚುವ ಮೊದಲು ಕೋತಿಗಳನ್ನು ನೋಡಿಕೊಳ್ಳಿ, ಕಿತ್ತುಕೊಂಡು ಹೋಗುವುದರಲ್ಲಿ ಪಳಗಿವೆ.

ಇದೇ ದಡದಲ್ಲಿ ವಿದ್ಯುದಾಗಾರದ ವಸಾಹತು. ಸುತ್ತಮುತ್ತಲ ಹಳ್ಳಿಯವರು ಈ ಜಾಗವನ್ನು ಬ್ಲಫ್ ಎಂದೇ ಕರೆಯುತ್ತಾರೆ. ದಿವಾನ್ ಕೆ.ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಹುಟ್ಟಿತು, ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಅದನ್ನು ರೂಪಿಸಿದರು. 1902ರ ಜೂನ್‌ನಲ್ಲಿ ಇಲ್ಲಿಂದ ಹೊರಟ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಟರ್ಬೈನು ಸ್ವಿಟ್ಜರ್ಲೆಂಡಿನದು, ಜನರೇಟರು ಅಮೆರಿಕದ್ದು. ಅವನ್ನೆಲ್ಲ ಹಡಗಿನಲ್ಲಿ ತಂದು, ರೈಲಿಗೆ ಹೇರಿ, ರೈಲು ಮುಗಿದಲ್ಲಿಂದ ಮುಂದಕ್ಕೆ ಈ ನೆಲದ ರಸ್ತೆಗಳಲ್ಲಿ ಎಳೆದು, ಕೊನೆಗೆ ಕಮರಿಯ ತಳಕ್ಕೆ ಇಳಿಸಿದರು. ವೀಕ್ಷಣಾ ತಾಣದಲ್ಲಿ ನಿಂತು ಆ ಆಳವನ್ನು ಒಮ್ಮೆ ನೋಡಿ, ಆಗ ಈಗಿನಂಥ ಕ್ರೇನು, ಲಾರಿ ಯಾವುದೂ ಇರಲಿಲ್ಲ ಎಂದು ನೆನೆದರೆ, ಹೆಸರು ಉಳಿಯದ ಎಷ್ಟು ಕೂಲಿಗಳ ಬೆವರು ಅಲ್ಲಿ ಬಿದ್ದಿರಬೇಕು ಎನ್ನಿಸುತ್ತದೆ.

ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಗಣಿಗೆ ವಿದ್ಯುತ್ ಕೊರತೆ. ವರ್ಷವಿಡೀ ಹರಿವು ಬೇಕೆಂಬ ಆ ಅಗತ್ಯವೂ 1911ರಲ್ಲಿ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, ಶುರುವಾಗಲು ಒಂದು ಕಾರಣ. ಮಂಡ್ಯದ ಗದ್ದೆಗೆ ನೀರು ಬಂದ ಕಥೆಯ ಒಂದು ತುದಿ ಈ ಕಮರಿಯಲ್ಲಿದೆ. ಆಗಾರ ಈಗಲೂ ನಡೆಯುತ್ತಿದೆ, ಸಾಮರ್ಥ್ಯ 42 ಮೆಗಾವ್ಯಾಟ್. ಸುಮ್ಮನೆ ಹೋದವರನ್ನು ಒಳಗೆ ಬಿಡುವುದಿಲ್ಲ, ಕರ್ನಾಟಕ ವಿದ್ಯುತ್ ನಿಗಮದ ಅನುಮತಿ ಬೇಕು. ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಮುಂಚಿತವಾಗಿ ಪತ್ರ ಬರೆದು ಕೇಳುವುದು ಒಳ್ಳೆಯದು.

ಸೇತುವೆ ದಾಟಿ ನಡುಗಡ್ಡೆಗೆ

ಗಗನಚುಕ್ಕಿಯ ತಾಣದಿಂದ ನಡುಗಡ್ಡೆ ಕೂಗಿದರೆ ಕೇಳುವಷ್ಟು ಹತ್ತಿರ. ರಸ್ತೆಯಲ್ಲಿ ಮಾತ್ರ ಹತ್ತು ಕಿಲೋಮೀಟರಿಗೂ ಹೆಚ್ಚು ಸುತ್ತು. ಹೆದ್ದಾರಿಗೆ ಮರಳಿ, ಕಾವೇರಿ ದಾಟಿ, ಸತ್ತೇಗಾಲದ ಕಡೆಯಿಂದ ಒಳಗೆ ತಿರುಗಬೇಕು. ಅಲ್ಲಿಗೆ ನೀವು ಮಂಡ್ಯ ಜಿಲ್ಲೆ ಬಿಟ್ಟು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಬಂದಿರಿ. 1956ಕ್ಕೆ ಮುಂಚೆ ಹೀಗೆ ಬರುವುದೆಂದರೆ ಸೀಮೆಯನ್ನೇ ದಾಟಿದಂತೆ. ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದೇ ಹೊಳೆ, ಒಂದೇ ಮಾತು, ಎರಡು ಸರ್ಕಾರ.

ಈ ದಾರಿಯಲ್ಲಿ ಹಳೆಯ ಕಲ್ಲುಸೇತುವೆ ಸಿಗುತ್ತದೆ. ದಯವಿಟ್ಟು ಗಾಡಿ ನಿಲ್ಲಿಸಿ. ವೆಸ್ಲಿ ಸೇತುವೆ ಎಂದು ಜನ ಕರೆಯುವ ಇದನ್ನು ಕಟ್ಟಿಸಿದ್ದು ಶಿವನಸಮುದ್ರದ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಇದರಲ್ಲಿ ಕಮಾನು ಇಲ್ಲ. ಹೊಳೆಯ ತಳದ ಬಂಡೆಯ ಮೇಲೆಯೇ ಕಲ್ಲುಕಂಬಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಹಾಯಿಸಿ, ಅದರ ಮೇಲೆ ಚಪ್ಪಡಿ ಹಾಸಿದ್ದಾರೆ. ನಮ್ಮ ಗುಡಿಗಳ ಮುಖಮಂಟಪ ಕಟ್ಟುವ ಕ್ರಮವನ್ನೇ ಹೊಳೆಗೆ ಒಯ್ದಿದ್ದಾರೆ. ಹತ್ತಿರ ನಿಂತು ನೋಡಿದರೆ ಕಂಬಗಳ ಮೇಲೆ ಉಳಿಯೇಟಿನ ಗುರುತು ಕಾಣುತ್ತದೆ. ಪ್ರವಾಹ ಇಳಿದ ಮೇಲೆ ಹೋದರೆ ಕಂಬಗಳ ಸಂದಿಯಲ್ಲಿ ಸಿಕ್ಕಿಕೊಂಡ ಮರದ ಬೊಡ್ಡೆ, ಬೇರು, ಹರಿದ ಸೀರೆಯ ತುಂಡು. ಎಷ್ಟೋ ಪ್ರವಾಹಗಳನ್ನು ತಡೆದ ಈ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಓಡಾಟಕ್ಕೆ ಹೊಸ ಸೇತುವೆ ಇದೆ ನಿಜ. ಆದರೆ ಹಳೆಯದು ಕಂಬ ಕಂಬವಾಗಿ ಕಳೆದುಹೋಗುವುದನ್ನು ನೋಡುತ್ತ ಕೂರುವುದು ಸರಿಯಲ್ಲ. ಉಳಿದ ಭಾಗವನ್ನಾದರೂ ಭದ್ರಪಡಿಸಿ, ಅದರ ಚರಿತ್ರೆ ಹೇಳುವ ಒಂದು ಫಲಕ ನಿಲ್ಲಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಮುರಿದ ತುದಿಯವರೆಗೆ ಹೋಗಿ ಸೆಲ್ಫಿ ತೆಗೆಯುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ, ಆ ಕೆಲಸ ಬೇಡವೇ ಬೇಡ.

ನಡುಗಡ್ಡೆಯೊಳಗೆ ಮೊದಲ ನಿಲುಗಡೆ ಮಧ್ಯರಂಗ. ಶ್ರೀರಂಗಪಟ್ಟಣದ ಆದಿರಂಗ, ಇಲ್ಲಿಯ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಮೂವರೂ ಕಾವೇರಿಯ ನಡುಗಡ್ಡೆಗಳಲ್ಲೇ ಪವಡಿಸಿದವರು. ಮೂವರನ್ನೂ ಒಂದೇ ದಿನ ಕಂಡರೆ ಪುಣ್ಯ ಎಂದು ಕಾರು ಕಟ್ಟಿಸಿಕೊಂಡು ಬೆಳಗಿನ ಜಾವ ಹೊರಡುವವರಿದ್ದಾರೆ. ಇಲ್ಲಿನ ದೇವರಿಗೆ ಜಗನ್ಮೋಹನ ರಂಗನಾಥ ಎಂದು ಹೆಸರು. ತರುಣ ರೂಪ ಎಂಬುದು ಭಕ್ತರ ನಂಬಿಕೆ. ವೈಕುಂಠ ಏಕಾದಶಿಯಂದು ಕಾಲಿಡಲು ಜಾಗ ಇರುವುದಿಲ್ಲ. ಬೇರೆ ದಿನಗಳಲ್ಲಿ ಪ್ರಾಕಾರದಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳುತ್ತದೆ. ಹತ್ತಿರದಲ್ಲೇ ಸೋಮೇಶ್ವರನ ಗುಡಿ, ವನದುರ್ಗೆಯ ಗುಡಿ. ಮಧ್ಯಾಹ್ನ ಬಾಗಿಲು ಹಾಕುವುದು ಇಂಥ ಊರುಗಳಲ್ಲಿ ಸಾಮಾನ್ಯ, ಆದ್ದರಿಂದ ಗುಡಿಗಳನ್ನು ಬೆಳಗಿನ ಪಾಳಿಗೆ ಇಟ್ಟುಕೊಳ್ಳಿ.

ಈಗ ಹಳ್ಳಿಯಂತೆ ಕಾಣುವ ಈ ಜಾಗ ಒಂದು ಕಾಲಕ್ಕೆ ಕೋಟೆ ಕಟ್ಟಿದ ಪಟ್ಟಣ. ಉಮ್ಮತ್ತೂರಿನ ಗಂಗರಾಜ ವಿಜಯನಗರಕ್ಕೆ ಎದುರು ನಿಂತು ಇಲ್ಲಿ ಬೀಡುಬಿಟ್ಟಿದ್ದ. ಪಟ್ಟಕ್ಕೆ ಬಂದ ಹೊಸತರಲ್ಲಿ ಕೃಷ್ಣದೇವರಾಯ ಕೈಗೊಂಡ ದಂಡಯಾತ್ರೆಗಳಲ್ಲಿ ಶಿವನಸಮುದ್ರದ ಮುತ್ತಿಗೆಯೂ ಒಂದು. ಎರಡೂ ಬದಿಗೆ ಹೊಳೆ, ಹಿಂದೆ ಕಮರಿ. ಗಂಗರಾಜ ಈ ಜಾಗವನ್ನೇ ಯಾಕೆ ಆರಿಸಿಕೊಂಡ ಎಂಬುದು ನಡುಗಡ್ಡೆಯ ಮೇಲೆ ನಡೆದವರಿಗೆ ತಾನಾಗಿಯೇ ಅರ್ಥವಾಗುತ್ತದೆ.

ಗುಡಿಗಳಿಂದ ಉತ್ತರಕ್ಕೆ ಗಾಡಿ ಬಿಟ್ಟು ನಡೆದೇ ಹೋಗಿ ಎಂದು ನಾನು ಒತ್ತಾಯ ಮಾಡುತ್ತೇನೆ. ಕುರುಚಲು ಕಾಡು, ನಡುನಡುವೆ ಹೊಲ, ಆಡು ಕಾಯುವವರು, ಬಂಡೆ. ಹೋಗುತ್ತ ಹೋಗುತ್ತ ಎರಡೂ ಕಿವಿಗೆ ಬೇರೆ ಬೇರೆ ಮೊರೆತ ಕೇಳತೊಡಗುತ್ತದೆ. ನಡುಗಡ್ಡೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುವ ಜಾಗ ಅದು. ಗಗನಚುಕ್ಕಿಯ ನೆತ್ತಿಯ ಹತ್ತಿರ ಹಜರತ್ ಮರ್ದಾನ್ ಗೈಬ್ ದರ್ಗಾ ಇದೆ, ಎಲ್ಲ ಜಾತಿ ಮತದವರೂ ಹರಕೆ ಹೊತ್ತು ಬರುತ್ತಾರೆ. ದರ್ಗಾಕ್ಕೆ ಕೈಮುಗಿದು ಅಲ್ಲಿಂದಲೇ ಹಿಂತಿರುಗಿ. ಅದರಾಚೆ ಬಂಡೆಗಳ ಮೇಲೆ ಇಳಿದು ನೀರಿನ ಅಂಚಿಗೆ ಹೋದವರಲ್ಲಿ ಎಷ್ಟೋ ಮಂದಿ ವಾಪಸ್ ಬಂದಿಲ್ಲ. ಪಾಚಿ ಕಟ್ಟಿದ ಕಲ್ಲು ಒಣಗಿದಂತೆ ಕಂಡರೂ ಜಾರುತ್ತದೆ. ಮೇಲುಗಡೆ ನೀರು ಬಿಟ್ಟಿದ್ದರೆ ಹರಿವು ಏರುವುದು ಗೊತ್ತೇ ಆಗುವುದಿಲ್ಲ. ಗಗನಚುಕ್ಕಿಯನ್ನು ಕಣ್ತುಂಬ ನೋಡಲು ಪಡುವಣ ದಡದ ಕಟಕಟೆ ಇದೆ, ಸಾಕು.

ಭರಚುಕ್ಕಿಯ ಮೆಟ್ಟಿಲು, ತೆಪ್ಪ

ಭರಚುಕ್ಕಿ ಎತ್ತರದಲ್ಲಿ ತಮ್ಮ, ಸುಮಾರು 69 ಮೀಟರ್. ಅಗಲದಲ್ಲಿ ಅಣ್ಣ. ನೀರು ಹದವಾಗಿದ್ದಾಗ ಬಂಡೆಯ ಉದ್ದಕ್ಕೂ ನೂರಾರು ಬಿಳಿ ಎಳೆಗಳಾಗಿ ಇಳಿಯುತ್ತದೆ. ಪ್ರವಾಹದಲ್ಲಿ ಆ ಎಳೆಗಳೆಲ್ಲ ಸೇರಿ ಒಂದೇ ಕೆಂಪು ಪರದೆ. ನನಗೆ ಹಿಡಿಸುವುದು ಮೊದಲನೆಯದು. ಮೇಲಿನಿಂದ ತಳದವರೆಗೆ ಮೆಟ್ಟಿಲಿವೆ. ಇಳಿಯುವುದು ಸುಲಭ, ಹತ್ತುವಾಗ ಮಂಡಿ ಕೇಳುತ್ತದೆ. ಅಜ್ಜ ಅಜ್ಜಿಯರನ್ನು ಕರೆತಂದವರು ಮೇಲೆಯೇ ನೆರಳಲ್ಲಿ ಕೂರಿಸಿ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ಹರಿವು ಕಡಿಮೆ ಇದ್ದಾಗ ತಳದಲ್ಲಿ ತೆಪ್ಪ ನಡೆಯುತ್ತದೆ. ಬಿದಿರಿನ ದಬ್ಬೆ ಹೆಣೆದು ದುಂಡಗೆ ಮಾಡಿ, ಹೊರಗೆ ಪ್ಲಾಸ್ಟಿಕ್ ಚೀಲ ಹೊದಿಸಿ, ಟಾರು ಬಳಿದಿರುತ್ತಾರೆ. ಹಿಂದೆ ತೊಗಲು ಹೊದಿಸುತ್ತಿದ್ದರು. ಹತ್ತುವಾಗ ಅಂಚಿನ ಮೇಲೆ ಕಾಲಿಡದೆ ನಡುವಿಗೆ ಹೆಜ್ಜೆ ಹಾಕಿ, ಕೂತ ಮೇಲೆ ಏಳಬೇಡಿ. ತೂಕ ನೋಡಿ ಎದುರುಬದುರು ಕೂರಿಸುವುದು ಅಂಬಿಗರ ಕೆಲಸ, ಅವರು ಹೇಳಿದಲ್ಲಿ ಕೂತರಾಯಿತು. ಜಾಕೆಟ್ ಕೊಳಕಾಗಿದೆ ಎಂದು ಮೂಗು ಮುರಿದವರಿಗೆ, "ಜಾಕಿಟ್ ಇಲ್ದೆ ಕೂರ್ಸಕಾಗಲ್ಲ ಕಣಕ್ಕ, ಹೊಳೆ ಯಾರ ಮಾತೂ ಕೇಳಕಿಲ್ಲ" ಎನ್ನುವ ಅಂಬಿಗ ಸಿಕ್ಕರೆ ಅವರ ತೆಪ್ಪವನ್ನೇ ಹತ್ತಿ. ದರವನ್ನು ತಲೆಗೆ ಇಷ್ಟೋ ತೆಪ್ಪಕ್ಕೆ ಇಷ್ಟೋ ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಜಲಪಾತದ ಬುಡದವರೆಗೂ ಒಯ್ಯಿರಿ ಎಂದು ಅವರ ಮೇಲೆ ಒತ್ತಡ ಹಾಕಬೇಡಿ. ತೆಪ್ಪ ನಿಲ್ಲಿಸಿದ್ದಾರೆಂದರೆ ಕಾರಣ ಇದೆ.

ಈಜು ಬರುತ್ತದೆ ಎಂಬ ಧೈರ್ಯದ ಮೇಲೆ ನೀರಿಗಿಳಿಯುವ ಹುಡುಗರಿಗೆ ಒಂದು ಮಾತು. ಕೆರೆಯಲ್ಲಿ, ನಾಲೆಯಲ್ಲಿ ಕಲಿತ ಈಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಂಡೆಯ ಪೊಟರೆಗಳಲ್ಲಿ ನೀರು ಸುಳಿಯಾಗಿ ಒಳಗೆ ಎಳೆಯುತ್ತದೆ. ಕಮರಿಯಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಆಂಬುಲೆನ್ಸ್ ಬರುವುದು ದೂರದಿಂದ. ಹೆತ್ತವರು ಮನೆಯಲ್ಲಿ ಕಾಯುತ್ತಿರುತ್ತಾರೆ.

ಊಟ, ತಂಗುವುದು, ಇನ್ನೊಂದು ದಿನ

ಬೆಳಗಿನ ತಿಂಡಿ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಮುಗಿಸಿಬಿಡಿ. ಮದ್ದೂರಿನವರಾದರೆ ವಡೆ ಕಟ್ಟಿಸಿಕೊಳ್ಳಿ; ಈರುಳ್ಳಿ, ರವೆ, ಮೈದಾ, ಅಕ್ಕಿಹಿಟ್ಟಿನ ಆ ವಡೆ ಆರಿದ ಮೇಲೂ ಗರಿಗರಿ ಇರುತ್ತದೆ, ಪ್ರಯಾಣಕ್ಕೆಂದೇ ಹುಟ್ಟಿದ ತಿಂಡಿ. ಜಲಪಾತಗಳ ಬಳಿ ಹೊಳೆ ಮೀನು ಹುರಿದು ಕೊಡುತ್ತಾರೆ. ಖಾರ ಹಚ್ಚಿಟ್ಟ ಮೀನು ಎಷ್ಟು ಹೊತ್ತಿನದು ಎಂದು ಕೇಳಿ, ಎದುರಿಗೇ ಹುರಿಸಿಕೊಳ್ಳಿ. ಮುದ್ದೆ, ಬಸ್ಸಾರು, ನಾಟಿಕೋಳಿ ಸಾರಿನ ಊಟಕ್ಕೆ ಮಳವಳ್ಳಿಗೆ ಬರುವುದೇ ಮೇಲು. ನೀರಿನ ಬಾಟಲಿ ಮನೆಯಿಂದಲೇ ಇರಲಿ, ಎಲೆ ಪೇಪರು ಪ್ಲಾಸ್ಟಿಕ್ಕು ಎಲ್ಲ ಚೀಲಕ್ಕೆ ತುಂಬಿ ವಾಪಸ್ ತನ್ನಿ. ಪಾರ್ಕಿಂಗು, ತೆಪ್ಪಕ್ಕೆ ಚಿಲ್ಲರೆ ನಗದು ಇಟ್ಟುಕೊಳ್ಳಿ, ಸಿಗ್ನಲ್ ಇಲ್ಲದ ಕಡೆ ಸ್ಕ್ಯಾನ್ ಮಾಡಲಾಗದು. ರಾತ್ರಿ ಉಳಿಯುವವರಿಗೆ ಮಳವಳ್ಳಿ, ಕೊಳ್ಳೇಗಾಲದಲ್ಲಿ ವಸತಿಗೃಹಗಳಿವೆ.

ಎರಡನೆಯ ದಿನ ಕೈಯಲ್ಲಿದ್ದರೆ ಎರಡು ದಾರಿ. ಮೇಲುಗಡೆ ಹೋದರೆ ತಲಕಾಡು, ಅದಕ್ಕೆ ಸೋಮನಾಥಪುರ ಸೇರಿಸಿಕೊಳ್ಳಬಹುದು. ಕೆಳಗೆ ಹೋದರೆ ಹಲಗೂರಿನ ಮೇಲೆ ಮುತ್ತತ್ತಿ, ಭೀಮೇಶ್ವರಿ. ಮುತ್ತತ್ತಿಯ ಆಂಜನೇಯ ಮುತ್ತತ್ತಿರಾಯ ಈ ಸೀಮೆಯ ಎಷ್ಟೋ ಮನೆಗಳ ದೇವರು, ಡಾ. ರಾಜಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ್ ಬಂದದ್ದೂ ಇವನಿಂದಲೇ. ಆ ದಾರಿ ಕಾವೇರಿ ವನ್ಯಜೀವಿ ಧಾಮದೊಳಗೆ ಹೋಗುತ್ತದೆ. ಕಾಡಿನಲ್ಲಿ ಆನೆ ಇದೆ, ಹೊಳೆಯಲ್ಲಿ ಮೊಸಳೆ ಇದೆ. ಬೆಳಕಿರುವಾಗಲೇ ಹೋಗಿ ಬೆಳಕಿರುವಾಗಲೇ ಹೊರಗೆ ಬರಬೇಕು. ಬಸ್ಸಿನಲ್ಲಿ ಹೋಗುವವರು ಹಲಗೂರಿಗೆ ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ, ಅದು ತಪ್ಪಿದರೆ ಕಾಡಿನ ರಸ್ತೆಯಲ್ಲಿ ಬೇರೆ ಗಾಡಿ ಸಿಗುವುದು ಕಷ್ಟ.